ಡಿಕ್ಕಿ ಇರುವ ಬಲೆನೊ

ಬಲೆನೊ ಕಾರಿನ ಹಿಂಬದಿಯ ಎಡ ದೀಪ ಬೇಕೆಂದು ಫೋನಿನಲ್ಲಿ ತಿಳಿಸಿ, ತಿಪಟೂರಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿದ್ದೆ. ಅಂಗಡಿಯ ಹುಡುಗ ಕೊಟ್ಟ ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಬೇರೆಯೇ ದೀಪ. ತಪ್ಪು ಅವನದಲ್ಲ. ನಾನು ಹೇಳಿದ ಕಾರನ್ನು ಅವನು ಕಂಡೇ ಇರಲಿಲ್ಲ. ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಒಳಗಿನಿಂದ ಬಂದ ಹಿರಿಯರು, "ಇದು ಡಿಕ್ಕಿ ಇರುವ ಬಲೆನೊ ಅಲ್ಲವೇ?" ಎಂದರು. ಅಂದಿನಿಂದ ನಾನೂ ಹಾಗೆಯೇ ಹೇಳುತ್ತಿದ್ದೇನೆ.

ನಮ್ಮದು 2003ರ ಬಲೆನೊ. ಅಪ್ಪ ಅದನ್ನು 2008ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಮಾರುತಿ ಈ ಸೆಡಾನನ್ನು, ಅಂದರೆ ಹಿಂದೆ ಡಿಕ್ಕಿ ಚಾಚಿದ ಕಾರನ್ನು, 1999ರಲ್ಲಿ ತಂದಿತ್ತು. 2007ರಲ್ಲಿ ಎಸ್‌ಎಕ್ಸ್4 ಎಂಬ ಇನ್ನೊಂದು ಸೆಡಾನ್ ಬಂದಾಗ ಇದು ತೆರೆಮರೆಗೆ ಸರಿಯಿತು. 1.6 ಲೀಟರಿನ ಪೆಟ್ರೋಲ್ ಎಂಜಿನ್. ತುರುವೇಕೆರೆ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿ ನನಗೆ ಇಂದಿಗೂ ಇಷ್ಟ. ಬಲೆನೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಮಿಂಚು ಎಂದು ತಿಳಿದ ದಿನ ಅಪ್ಪ, "ಸರಿಯಾಗಿಯೇ ಇಟ್ಟಿದ್ದಾರೆ" ಎಂದಿದ್ದರು.

ಎಂಟು ವರ್ಷ ಖಾಲಿ ಬಿದ್ದಿದ್ದ ಆ ಹೆಸರನ್ನು 2015ರಲ್ಲಿ ಒಂದು ಹ್ಯಾಚ್‌ಬ್ಯಾಕಿಗೆ ಕೊಟ್ಟರು. ಹೊರಕ್ಕೆ ಚಾಚಿದ ಡಿಕ್ಕಿ ಅದಕ್ಕಿಲ್ಲ. ಪೆಟ್ರೋಲ್ ಎಂಜಿನ್ 1.2 ಲೀಟರಿನದು, ಉದ್ದ 3995 ಮಿಲಿಮೀಟರ್. ನಾಲ್ಕು ಮೀಟರಿನೊಳಗೆ ನಿಂತರೆ ತೆರಿಗೆ ಕಡಿಮೆ ಎಂಬ ನಿಯಮಕ್ಕೆ ಹೊಂದುವ ಅಳತೆ. ಹೊಸ ಕಾರು ಕೆಟ್ಟದ್ದಲ್ಲ; ಭಾರತದಲ್ಲಿ ತಯಾರಾಗಿ ಜಪಾನಿಗೂ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಟ್ಟರೆ ಮೂಗೋ ನಡಿಗೆಯೋ ಹೋಲುತ್ತದೆಯೇ ಎಂದು ಹುಡುಕುತ್ತೇವೆ. ಈ ಎರಡು ಕಾರುಗಳಲ್ಲಿ ನಾನು ಹಾಗೆ ಹುಡುಕಿ ಸೋತಿದ್ದೇನೆ. ಒಂದೇ ಮನೆಯಲ್ಲಿ ಹುಟ್ಟಿವೆ, ಅಷ್ಟೇ.

ಮಾರುತಿಯ ಜಪಾನಿ ಮಾತೃ ಕಂಪನಿ ಸುಜುಕಿಗೆ ಹೀಗೆ ಹೆಸರು ಅದಲುಬದಲು ಮಾಡುವುದು ಹೊಸದೇನಲ್ಲ. ನಮ್ಮ ಕಾರು ಜಪಾನಿನಲ್ಲಿ ಕಲ್ಟಸ್ ಕ್ರೆಸೆಂಟ್ ಆಗಿತ್ತು, ಅಮೆರಿಕದಲ್ಲಿ ಎಸ್ಟೀಮ್. ನಮ್ಮ ದೇಶದ ಎಸ್ಟೀಮ್ ಬೇರೆಯೇ ಕಾರು: ಮಾರುತಿ 1000 ಎಂದು ಬಂದು, 1994ರಲ್ಲಿ ದೊಡ್ಡ ಎಂಜಿನ್ನಿನೊಂದಿಗೆ ಹೆಸರು ಬದಲಿಸಿಕೊಂಡದ್ದು. ಅದರ ಮೂಲದ ಕಾರನ್ನು ಹೊರದೇಶಗಳಲ್ಲಿ ಸ್ವಿಫ್ಟ್ ಎನ್ನುತ್ತಿದ್ದರು. ನಾವು ಸ್ವಿಫ್ಟ್ ಎಂದು ಕರೆದದ್ದು 2005ರಲ್ಲಿ ಬಂದ ಇನ್ನೊಂದನ್ನು. ಇದನ್ನು ಕಾಗದದ ಮೇಲೆ ಗೆರೆ ಎಳೆದು ಬಿಡಿಸಿಕೊಳ್ಳಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು.

ಮುಂದಿನದು ಇನ್ನೂ ಸೋಜಿಗ. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟ ಕಂಪನಿ 2019ರಿಂದ ಹೊಸ ಬಲೆನೊವನ್ನೇ ಗ್ಲಾಂಜಾ ಎಂದು ಮಾರುತ್ತಿದೆ. ಗ್ಲಾಂಜಾ ಎಂಬುದು 1990ರ ದಶಕದಲ್ಲಿ ಟೊಯೋಟದ ಸ್ಟಾರ್ಲೆಟ್ ಕಾರಿನ ಒಂದು ಮಾದರಿಯ ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಇದೇ ಬಲೆನೊವನ್ನು ನೇರವಾಗಿ ಸ್ಟಾರ್ಲೆಟ್ ಎಂದೇ ಮಾರಿದರು. ಅಲ್ಲಿಯೂ ಯಾರದೋ ಮನೆಯ ಅಂಗಳದಲ್ಲಿ ಹಳೆಯ ಸ್ಟಾರ್ಲೆಟ್ ನಿಂತಿರಬಹುದು. ಅದರ ದೀಪಕ್ಕಾಗಿ ಅವರೂ ನನ್ನಂತೆ ಅಲೆಯುತ್ತಿರಬಹುದು.

ಹೆಸರು ಕಾನೂನಿನ ಪ್ರಕಾರ ಕಂಪನಿಯದೇ, ಒಪ್ಪುತ್ತೇನೆ. ಆದರೆ ತಂಗಿಯ ಹೆರಿಗೆಗೆ ನಡುರಾತ್ರಿ ತುಮಕೂರಿಗೆ ಓಡಿದ ಕಾರಿನ ಹೆಸರನ್ನು ಇಂದು ಹೇಳಿದರೆ ಕೇಳುವವರ ಕಣ್ಣಿಗೆ ಬೇರೆ ಕಾರು ಬರುತ್ತದೆ. ಇದು ನನಗೆ ನಿಜವಾಗಿ ನೋವು ತರುತ್ತದೆ.

ದೀಪ ಮೂರು ವಾರದ ಬಳಿಕ ಸಿಕ್ಕಿತು. ಆ ಹಿರಿಯರೇ ಹಳೆಯ ದಾಸ್ತಾನಿನಲ್ಲಿ ಹುಡುಕಿಸಿ ಕಳಿಸಿದ್ದರು. ಪೊಟ್ಟಣದ ಮೇಲೆ ಪೆನ್ನಿನಲ್ಲಿ "ಬಲೆನೊ, ಹಳೆಯದು" ಎಂದು ಬರೆದಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಓದಿ, "ಹಳೆಯದು" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ 2003 ಎಂದು ಬರೆದರು.