ಮಕ್ಕಳು ಇಡೀ ದಿನ ಮನೆಯಲ್ಲಿ ಏನ್ಮಾಡ್ತಾರೆ?

"ಸ್ಕೂಲಿಗೆ ಕಳಿಸಲ್ವಾ? ಹಾಗಾದ್ರೆ ಇಡೀ ದಿನ ಏನ್ಮಾಡ್ತಾರೆ?"

ಐದು ವರ್ಷದಿಂದ ಕೇಳುತ್ತಿದ್ದಾರೆ. ಹಾಲಿನ ಬೂತಿನ ಮುಂದೆ, ಲಿಫ್ಟಿನೊಳಗೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಾನು ಬಾಯಿ ತೆರೆದುಕೊಂಡು ಮಲಗಿದ್ದಾಗಲೂ. ಬಾಯಲ್ಲಿ ಹತ್ತಿ ಇತ್ತು, ಉತ್ತರ ಹೇಳೋದು ತಪ್ಪಿತು. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡಿ ಸುಮ್ಮನಾಗುತ್ತೇನೆ.

ಮಗನಿಗೆ 11, ಮಗಳಿಗೆ 8. ಮಗ ಒಂದನೇ ಕ್ಲಾಸಿನ ಅರ್ಧದಲ್ಲಿ ಬಿಟ್ಟ, ಮಗಳು ಸೇರಲೇ ಇಲ್ಲ. ಏಳುತ್ತಾರೆ, ಜಗಳ ಆಡುತ್ತಾರೆ, ತಿಂಡಿ ತಿನ್ನುತ್ತಾರೆ. ಹತ್ತರಿಂದ ಹನ್ನೆರಡೂವರೆವರೆಗೆ ಕನ್ನಡ, ಇಂಗ್ಲಿಷ್, ಲೆಕ್ಕ. ಮಧ್ಯಾಹ್ನದ ಮೇಲೆ ಅವರವರ ಇಷ್ಟ. ಮಗ ಬೀದಿ ಕೊನೆಯ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕೋದು ನೋಡುತ್ತಾ ಕೂರುತ್ತಾನೆ. ಮಗಳು ಓದುತ್ತಾಳೆ, ಇಲ್ಲಾ ಗೋಡೆ ಹಾಳು ಮಾಡುತ್ತಾಳೆ.

"ಎರಡೂವರೆ ಗಂಟೆ ಅಷ್ಟೇನಾ?" ಹೌದು, ಅಷ್ಟೇ. ಇಬ್ಬರೇ ಮಕ್ಕಳು. ಹಾಜರಿ ಕೂಗಬೇಕಾಗಿಲ್ಲ.

"ನಾಲ್ಕು ಜನರ ಜೊತೆ ಬೆರೆಯೋದು ಹೇಗೆ ಕಲೀತಾರೆ?" ಇವನು ಬೆರೆಯೋಕೆ ನಾಲ್ಕು ಗಂಟೆಗೇ ಬ್ಯಾಟ್ ಹಿಡಿದು ರೆಡಿ. ಆ ನಾಲ್ಕು ಜನ ಟ್ಯೂಷನ್ ಮುಗಿಸಿ ಬರೋದು ಏಳಕ್ಕೆ.

"ಮುಂದೆ ಹೇಗೆ?" ಇದನ್ನು ಮಾತ್ರ ಬೇಜಾರಿಲ್ಲದೆ ಹೇಳುತ್ತೇನೆ, ಯಾಕಂದರೆ ಮೊದಮೊದಲು ನನಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 1989ರಿಂದ. ಅಂದರೆ ದಿನಾ ಕ್ಲಾಸಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯೋದು. 14 ತುಂಬಿದ ಮಗು ಅಲ್ಲಿ ಹತ್ತನೇ ತರಗತಿಗೆ ಹೆಸರು ಬರೆಸಬಹುದು. ಐದು ವಿಷಯ ಪಾಸಾಗಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಮ್ಮೆ ಸೇರಿದರೆ 5 ವರ್ಷ ಟೈಮು, 9 ಅವಕಾಶ. ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರನ್ನು ಶಾಲೆಗೆ ಸೇರಿಸೋದು ತಂದೆ ತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಬರೆದಿಲ್ಲ. ಮನೆಯಲ್ಲಿ ಕಲಿಸೋದರ ಸುದ್ದಿಯನ್ನೇ ಅದು ಎತ್ತುವುದಿಲ್ಲ. ಹೀಗೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಅನ್ನೋ ಜಾಗದಲ್ಲಿ ನಾವಿದ್ದೇವೆ.

ಇಷ್ಟು ಹೇಳಿದರೂ ಜನಕ್ಕೆ ಸಮಾಧಾನ ಇಲ್ಲ, ಮಗುವನ್ನೇ ಪರೀಕ್ಷೆ ಮಾಡಬೇಕು.

ಎರಡು ವರ್ಷದ ಹಿಂದೆ ಹಾಸನದಲ್ಲೊಂದು ಮದುವೆ. ಛತ್ರದಲ್ಲಿ ಎರಡನೇ ಪಂಕ್ತಿಗೆ ಕೂತಿದ್ದೆವು. ಎದುರಿನ ಸಾಲಿನಲ್ಲಿ ನಮ್ಮ ಯಜಮಾನರ ಕಡೆಯ ಹಿರಿಯರೊಬ್ಬರು. ಮಗನ ಎಲೆಗೆ ಚಿರೋಟಿ ಬಿತ್ತು, ಅವನಿಗೆ ಪ್ರಾಣ. ಬಾದಾಮಿ ಹಾಲು ಹಾಕಿಸಿಕೊಂಡು ಇನ್ನೇನು ಪುಡಿ ಮಾಡಬೇಕು, ಆಗ ಅವರು ಅಲ್ಲಿಂದಲೇ ಕೂಗಿದರು: "ಏನೋ ಮರಿ, ಮನೇಲೇ ಓದ್ತೀಯಂತೆ? ಹದಿನೇಳೆಂಟ್ಲ ಎಷ್ಟೋ?"

ಅಕ್ಕಪಕ್ಕದ ಹತ್ತು ಎಲೆಗಳವರು ಊಟ ನಿಲ್ಲಿಸಿದರು. ಅವರ ಪಕ್ಕದಲ್ಲೇ ಅವರ ಮೊಮ್ಮಗ ಇದ್ದ, ಇವನದೇ ವಯಸ್ಸು, ದೊಡ್ಡ ಸ್ಕೂಲು. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನು ಕೋಸಂಬರಿಯಿಂದ ಕ್ಯಾರೆಟ್ ಆರಿಸಿ ಪಕ್ಕಕ್ಕಿಡುತ್ತಿದ್ದ.

ನನ್ನ ಮಗ ಸ್ವಲ್ಪ ಯೋಚಿಸಿದ. ಬೆರಳು ಮಡಚಿದ, ಬಿಚ್ಚಿದ. ಎಲೆಯ ಮೇಲೆ ಹಾಲು ಹರಿದು ಪಲ್ಯಕ್ಕೆ ಸೇರಿತು. "ಗೊತ್ತಿಲ್ಲ ತಾತ" ಅಂದ. ಹಿರಿಯರು ನನ್ನ ಕಡೆ ನೋಡಿ ನಕ್ಕರು. ಆ ನಗು ಇವತ್ತಿಗೂ ನೆನಪಿದೆ.

ಇಲ್ಲಿ ನಾನು ಅವರಿಗೆ ಏನೋ ಖಾರವಾಗಿ ಹೇಳಿದೆ ಅಂತ ಬರೆಯಬಹುದಿತ್ತು. ಹೇಳಲಿಲ್ಲ. ಮೈಸೂರಿಗೆ ವಾಪಸ್ ಬರುವಾಗ ಕಾರಿನಲ್ಲಿ ಮಗನಿಗೆ ಮಗ್ಗಿ ಶುರು ಮಾಡಿಸಿದೆ. ಹೊಳೆನರಸೀಪುರ ಬರುವ ಹೊತ್ತಿಗೆ ಹದಿಮೂರು. ಕೆ.ಆರ್. ನಗರ ದಾಟುವ ಹೊತ್ತಿಗೆ ಅಳು. ಅವನದ್ದು ಮೊದಲು, ಆಮೇಲೆ ನನ್ನದು. ಯಜಮಾನರು ರಸ್ತೆ ನೋಡಿಕೊಂಡು ಓಡಿಸಿದರು. ಅಂದಹಾಗೆ, "ಮಕ್ಕಳು ಇಡೀ ದಿನ ಏನ್ಮಾಡ್ತಾರೆ" ಅಂತ ಅವರನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. "ಅಡುಗೆಮನೆಯಲ್ಲೇ ಲೆಕ್ಕ ಕಲೀತಾರೆ, ಮಾರ್ಕೆಟ್ಟಲ್ಲೇ ವ್ಯವಹಾರ ಕಲೀತಾರೆ" ಅಂತ ನಾನು ತುಂಬ ಜನಕ್ಕೆ ಹೇಳಿದ್ದೇನೆ. ಜಾಸ್ತಿ ಅದು ಬುರುಡೆ. ಅಡುಗೆಮನೆಗೆ ಬಂದರೆ ಕೊಬ್ಬರಿ ಸಕ್ಕರೆ ತಿಂದು ಹೋಗುತ್ತಾರೆ, ಅಷ್ಟೇ.

ಯಾವಾಗಲೋ ಒಮ್ಮೆ ನಿಜವೂ ಆಗುತ್ತದೆ. ಹೋದ ಡಿಸೆಂಬರಿನ ಚಳಿಗೆ ಇಡ್ಲಿ ಹಿಟ್ಟು ಉಬ್ಬಲೇ ಇಲ್ಲ. "ಬೇಸಿಗೇಲಿ ಪಾತ್ರೆಯಿಂದ ಆಚೆ ಬರುತ್ತೆ, ಈಗ್ಯಾಕೆ ಇಲ್ಲ?" ಅಂತ ಮಗಳು ಹಿಂದೆ ಬಿದ್ದಳು. ಗೊತ್ತಿಲ್ಲ, ನೀನೇ ನೋಡು ಅಂದೆ. ಮೂರು ಖಾಲಿ ಹಾರ್ಲಿಕ್ಸ್ ಬಾಟಲಿಗೆ ಒಂದೇ ಮಟ್ಟಕ್ಕೆ ಹಿಟ್ಟು ತುಂಬಿ ಆ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿದಳು. ಒಂದು ಕಿಟಕಿಯಲ್ಲಿ, ಒಂದು ಫ್ರಿಜ್ಜಿನ ಪಕ್ಕ ಬೆಚ್ಚಗಿರುವ ಕಡೆ, ಒಂದು ಅವಳ ಹಳೇ ಕಂಬಳಿಯೊಳಗೆ. ಬೆಳಿಗ್ಗೆ ಎದ್ದವಳೇ ಹಲ್ಲೂ ಉಜ್ಜದೆ ಬೆರಳಲ್ಲಿ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಳು: ಕಿಟಕಿ 0, ಕಂಬಳಿ 2, ಫ್ರಿಜ್ 4. ಫ್ರಿಜ್ಜಿನ ಪಕ್ಕದ್ದು ಮುಚ್ಚಳ ಎತ್ತಿಕೊಂಡು ನೆಲಕ್ಕಿಳಿದಿತ್ತು.

ಉದ್ದು, ಅಕ್ಕಿಯ ಮೇಲೆ ಮೊದಲೇ ಇರುವ ಸಣ್ಣ ಜೀವಿಗಳು ಹಿಟ್ಟನ್ನು ತಿಂದು ಹುಳಿ ಮಾಡುತ್ತವೆ, ಗಾಳಿ ಬಿಡುತ್ತವೆ, ಅದಕ್ಕೇ ಉಬ್ಬೋದು, ಚಳಿಯಲ್ಲಿ ಅವು ನಿಧಾನ ಅಂತ ಓದಿ ಹೇಳಿದೆ.

"ಜೀವ ಇರುತ್ತಾ ಅವಕ್ಕೆ?"

"ಹೂಂ."

"ಹಾಗಾದ್ರೆ ಇಡ್ಲಿ ಬೇಯಿಸಿದಾಗ?"

ಎರಡು ದಿನ ಇಡ್ಲಿ ಮುಟ್ಟಲಿಲ್ಲ. ಇಂಥದ್ದು ವರ್ಷಕ್ಕೆ ಮೂರೋ ನಾಲ್ಕೋ. ಮಿಕ್ಕ ದಿನವೆಲ್ಲ "ಪೆನ್ಸಿಲ್ ಎಲ್ಲಿ", "ನೆಟ್ಟಗೆ ಕೂರು".

ಇಷ್ಟೆಲ್ಲ ಪ್ರಶ್ನೆಗಳ ನಡುವೆ ಒಬ್ಬರು ಮಾತ್ರ ಸರಿಯಾದ್ದನ್ನು ಕೇಳಿದರು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ಅಂತ ಒಬ್ಬ ಸರ್ಕಾರಿ ಶಾಲೆ ಮೇಡಂ ಬಿಸಿಲಲ್ಲಿ ಬಂದರು. ಕಂಕುಳಲ್ಲಿ ಫಾರಂಗಳ ಕಟ್ಟು. ನಾನು ಬಾಗಿಲಲ್ಲೇ ಕಾಯ್ದೆಯೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು "ಸ್ವಲ್ಪ ನೀರು ಕೊಡ್ತೀರಾ" ಅಂದರು. ಒಳಗೆ ಕರೆದು ಕಾಫಿ ಕೊಟ್ಟೆ. ಮಕ್ಕಳ ಹೆಸರು, ವಯಸ್ಸು ಬರೆದುಕೊಂಡರು. ಶಾಲೆ ಅನ್ನೋ ಕಡೆ ಪೆನ್ನು ನಿಂತಿತು. ಕೊನೆಗೆ ಷರಾದಲ್ಲಿ "ಮನೆಯಲ್ಲಿ ಕಲಿಕೆ" ಅಂತ ಬರೆದರು. ಆಮೇಲೆ ಲೋಟ ಕೆಳಗಿಡುತ್ತಾ ಕೇಳಿದರು: "ನಿಮಗೆ ಲಾಂಗ್ ಬೆಲ್ ಯಾವಾಗ ಮೇಡಂ?"

ಅರ್ಥ ಆಗಲಿಲ್ಲ.

"ಅಲ್ಲ, ನನಗೆ ನಲವತ್ತು ಮಕ್ಕಳು. ಎಷ್ಟು ಕಿರುಚಾಡಿದ್ರೂ ಸಂಜೆ ಲಾಂಗ್ ಬೆಲ್ ಹೊಡೆಯುತ್ತೆ, ಅವರು ಅವರ ಮನೆಗೆ, ನಾನು ನನ್ನ ಮನೆಗೆ. ನಿಮಗೆ?"

ಲೋಟ ತೊಳೆಯೋ ನೆಪದಲ್ಲಿ ಒಳಗೆ ಹೋದೆ.

ಎಲ್ಲರೂ ಮಕ್ಕಳು ಏನು ಮಾಡ್ತಾರೆ ಅಂತ ಕೇಳುತ್ತಾರಲ್ಲ, ನಾನು ಕಾಯುತ್ತಿದ್ದದ್ದು ಇದಕ್ಕೆ. ಬೆಲ್ ಇಲ್ಲ. ಹನ್ನೆರಡಕ್ಕೆ ಭಿನ್ನರಾಶಿ ತಪ್ಪು ಮಾಡಿದ ಅಂತ ಬೈದವಳೇ ಒಂದು ಗಂಟೆಗೆ ತಟ್ಟೆಗೆ ತುಪ್ಪ ಹಾಕಬೇಕು. ಅವನು ತಲೆ ಎತ್ತಿ ನೋಡಲ್ಲ. "ಮಿಸ್ ಬೈದರು" ಅಂತ ಅಮ್ಮನ ಹತ್ತಿರ ಹೇಳಿಕೊಳ್ಳೋಣ ಅಂದರೆ ಮಿಸ್ಸೂ ಅಮ್ಮನೂ ಒಬ್ಬಳೇ. ಕೆ.ಆರ್. ನಗರದ ಹತ್ತಿರ ಅವನು ಅತ್ತದ್ದು ಹದಿನೇಳರ ಮಗ್ಗಿಗಲ್ಲ ಅಂತ ನನಗೆ ಗೊತ್ತಾಗಿದ್ದು ಆ ಮೇಡಂ ಹೋದ ಮೇಲೆ. ಮದುವೆ ಮನೆಯಲ್ಲಿ ಎಲ್ಲರ ಮುಂದೆ ಸೋತು ಬಂದಿದ್ದ. ಕಾರಿನಲ್ಲಿ ಅವನಿಗೆ ಅಮ್ಮ ಬೇಕಿತ್ತು. ಸಿಕ್ಕಿದ್ದು ಇನ್ನೊಬ್ಬ ತಾತ.

ಈಗ ದಿನಾ ನಾಲ್ಕಕ್ಕೆ ದೇವರ ಮನೆಯ ಗಂಟೆ ತಂದು ನಡುಮನೆಯಲ್ಲಿ ಜೋರಾಗಿ ಬಾರಿಸುತ್ತೇನೆ. ಆಮೇಲೆ ಯಾರೂ ನನ್ನನ್ನು ಸ್ಪೆಲ್ಲಿಂಗ್ ಕೇಳುವ ಹಾಗಿಲ್ಲ, ನಾನೂ ಅಕ್ಷರ ದುಂಡಗಿಲ್ಲ ಅನ್ನುವ ಹಾಗಿಲ್ಲ. ಮೊದಲ ದಿನ ಮಕ್ಕಳಿಬ್ಬರೂ "ಸ್ಕೂಲ್ ಬಿಡ್ತೂ!" ಅಂತ ಕಿರುಚಿಕೊಂಡು ಬೀದಿಗೆ ಓಡಿದರು. ಎದುರು ಮನೆಯವರು ಕಿಟಕಿಯಿಂದ ಇಣುಕಿದರು.

ಮಧ್ಯಾಹ್ನದ ನಿದ್ದೆ ಕೆಟ್ಟು ಅತ್ತೆ ರೂಮಿನಿಂದ ಎದ್ದು ಬಂದರು. ನನ್ನ ಕೈಯಲ್ಲಿದ್ದ ಗಂಟೆ ನೋಡಿದರು.

"ಇದ್ಯಾವ ಪೂಜೆನೇ, ಇಷ್ಟು ಹೊತ್ತಿಗೆ?"