ದಿಂಬಿನ ಪಕ್ಕ ಇಟ್ಟುಬಂದ ಪುಸ್ತಕ

ಆಸ್ಪತ್ರೆ ವಾರ್ಡುಗಳಲ್ಲಿ ಕ್ರೈಸ್ತ ಪುಸ್ತಕಗಳನ್ನು ಉಚಿತವಾಗಿ ಹಂಚುವುದು ನನ್ನ ಕೆಲಸ. ಇಂಡೆಂಟ್ (ಬೇಕಾದ ಪುಸ್ತಕಗಳ ಬೇಡಿಕೆ ಪಟ್ಟಿ) ಹಾಕಬೇಕು, ಬಂಡಲ್ ಬಿಚ್ಚಿ ಸ್ಟಾಕ್ ಬುಕ್ಕಿಗೆ ಏರಿಸಬೇಕು, ಟ್ರಾಲಿ ತುಂಬಿ ಸ್ವಯಂಸೇವಕರನ್ನು ಕಳಿಸಬೇಕು, ಸಂಜೆ ಆ್ಯಪ್‌ನಲ್ಲಿ ಲೆಕ್ಕ ತುಂಬಬೇಕು. ಅಲ್ಲಿರುವುದು ಒಂದೇ ಕಾಲಂ: ‘ವಿತರಣೆ’. ರೋಗಿಗಳು ತಾವಾಗಿ ಕೇಳಿದರಾ, ನಮ್ಮವರು ಕೂತು ಮಾತಾಡಿದರಾ, ಇದ್ಯಾವುದಕ್ಕೂ ಜಾಗವಿಲ್ಲ.

ಹೊಸ ಮುದ್ರಣ ಬರುವ ಹೊತ್ತಿಗೆ ಗೋಡೌನ್ ಖಾಲಿಯಾಗಬೇಕು ಅಂತ ಮೇಲಿನಿಂದ ಒತ್ತಡ ಬರುತ್ತದೆ. ಹಾಗೆ ಒಮ್ಮೆ ನಾವು ಮಾರ್ಕನ ಸುವಾರ್ತೆ ಕೇಳಿದರೆ ಸಾಂತ್ವನದ ಕಿರುಪುಸ್ತಕಗಳ ಪೆಟ್ಟಿಗೆಗಳು ಬಂದವು. ಅಂಗೈಯಷ್ಟು ಪುಸ್ತಕ. ಮುಖಪುಟದಲ್ಲಿ ಮುಳುಗುವ ಸೂರ್ಯ, ಕೆಳಗೆ ಕತ್ತಲಾಗುತ್ತಿರುವ ಕಣಿವೆ. ಒಳಗೆ ಬೈಬಲಿನ 23ನೇ ಕೀರ್ತನೆ, ಆಮೇಲೆ ನಿತ್ಯಜೀವದ ಬಗ್ಗೆ ಯೋಹಾನನ ಸುವಾರ್ತೆಯ ವಚನಗಳು, ಕೊನೆಯ ಪುಟದಲ್ಲಿ ಸಾವಿನ ಹೊತ್ತಿನ ಪ್ರಾರ್ಥನೆ. ಓದುವಾಗ ನನ್ನ ಕಣ್ಣು ತುಂಬಿತ್ತು. ವಾರ್ಡಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಅಂದುಕೊಂಡೇ ಟ್ರಾಲಿ ತುಂಬಿದೆ.

ಮಧ್ಯಾಹ್ನ ಸರ್ಜಿಕಲ್ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. “ಸ್ವಲ್ಪ ಬೇಗ ಬನ್ನಿ” ಅಂದರು, ಅಷ್ಟೇ. ಹೋದೆ. ಬಾಗಿಲ ಹತ್ತಿರವೇ ಒಬ್ಬ ಹುಡುಗಿ ಆ ಪುಸ್ತಕ ಹಿಡಿದು ನಿಂತಿದ್ದಳು. ಅವಳ ಅಪ್ಪ ಮಲಗಿದ್ದಾಗ ನಮ್ಮವರು ದಿಂಬಿನ ಪಕ್ಕ ಇಟ್ಟುಬಂದಿದ್ದರು. ಎಚ್ಚರವಾದ ಮೇಲೆ ಆತ ಪೂರ್ತಿ ಓದಿದ್ದಾರೆ. ಆಮೇಲೆ ಮಾತೇ ಇಲ್ಲ, ಊಟವೂ ಬೇಡವಂತೆ.

“ಡಾಕ್ಟರ್ ನಿಮಗೇನಾದರೂ ಹೇಳಿದ್ದಾರಾ ಮೇಡಂ? ನಮಗೆ ಹೇಳದೇ ಇರೋದು?”

ಅವಳ ಹೆಬ್ಬೆರಳು ಕೊನೆಯ ಪುಟದೊಳಗೇ ಇತ್ತು.

“ಇಲ್ಲಮ್ಮ, ಎಲ್ಲರಿಗೂ ಇದನ್ನೇ ಕೊಟ್ಟಿದ್ದೇವೆ” ಅಂದೆ. ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಅವಳ ದನಿ ಏರಿತು.

“ಎಲ್ಲರಿಗೂ ಅಂದ್ರೆ? ಇಲ್ಲಿರೋರೆಲ್ಲ ಸಾಯೋರಾ?”

ವಾರ್ಡಿನಲ್ಲಿ ತಲೆಗಳು ಇತ್ತ ತಿರುಗಿದವು. ಆ ತಲೆಗಳ ಪಕ್ಕದಲ್ಲೂ ಅದೇ ಪುಸ್ತಕ. ಒಬ್ಬ ಅಜ್ಜಿ ತನ್ನದನ್ನು ಎತ್ತಿಕೊಂಡು ಮುಖಪುಟ ನೋಡತೊಡಗಿದರು. ಸಿಸ್ಟರ್ ಡಾಕ್ಟರನ್ನು ಕರೆಯಲು ಹೋದರು. ಅವರು ಬರುವವರೆಗೆ ನಾನು ಆತನ ಮಂಚದ ಬಳಿ ನಿಂತಿದ್ದೆ. ಆತ ಬೈಯಲಿಲ್ಲ. “ಇದನ್ನ ನನಗ್ಯಾಕೆ ಇಟ್ರಿ?” ಅಂತ ಮಾತ್ರ ಕೇಳಿದರು. ಡಾಕ್ಟರ್ ಬಂದು, ಆಪರೇಷನ್ ಚೆನ್ನಾಗಿ ಆಗಿದೆ, ಇನ್ನೇನು ಮನೆಗೆ ಹೋಗುತ್ತೀರಿ ಅಂತ ಕೂತು ಹೇಳಿದರು. ಆತ ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು.

ಅವತ್ತೇ ಎಲ್ಲ ಮಂಚಗಳಿಂದ ಆ ಪುಸ್ತಕ ವಾಪಸ್ ತಂದೆವು.

ಉಚಿತ ತಾನೇ, ಬೇಡದವರು ಬಿಡಲಿ ಅನ್ನುವವರು ಜಾಸ್ತಿ. ವಾರ್ಡಿನಲ್ಲಿ ಈ ಮಾತು ನಡೆಯುವುದಿಲ್ಲ. ಮಲಗಿದವರು ಎದ್ದು ಹೋಗಲಾರರು. ಬೇಡ ಅಂದರೆ ಚಿಕಿತ್ಸೆಯಲ್ಲಿ ಏನಾದರೂ ವ್ಯತ್ಯಾಸ ಆದೀತಾ ಎಂದು ಹೆದರುವವರೂ ಇದ್ದಾರೆ. ಬೇರೆ ಧರ್ಮದವರಿಗಂತೂ ಈ ಮುಜುಗರ ಇನ್ನೂ ಹೆಚ್ಚು. ಸುಮ್ನೆ ತೆಗೆದುಕೊಂಡರೆ ಅದು ಒಪ್ಪಿಗೆ ಅಲ್ಲ. ಹಾಗೆ ಕೊಟ್ಟದ್ದನ್ನು ಸೇವೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಯೇಸು ಕುರುಡ ಬಾರ್ತಿಮಾಯನನ್ನೂ “ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ?” ಅಂತ ಕೇಳಿಯೇ ಮುಂದುವರಿದನು. ನಮಗೆ ಕೇಳುವಷ್ಟೂ ಪುರುಸೊತ್ತಿಲ್ಲ ಅಂದರೆ ಹೇಗೆ?

ಗಿಡಿಯನ್ಸ್ ಸಂಸ್ಥೆಯನ್ನೇ ನೋಡಿ. 1899ರಲ್ಲಿ ಅಮೆರಿಕದಲ್ಲಿ ಊರೂರು ತಿರುಗುವ ವ್ಯಾಪಾರಿಗಳು ಸೇರಿ ಕಟ್ಟಿದ್ದು. 1908ರಲ್ಲಿ ಮೊಂಟಾನಾದ ಒಂದು ಹೋಟೆಲಿನಲ್ಲಿ ಬೈಬಲ್ ಇಡಲು ಶುರು ಮಾಡಿದರು. ಒಂಟಿಯಾಗಿ ತಂಗುವವರ ರಾತ್ರಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಬೈಬಲ್ ಕೋಣೆಯಲ್ಲಿರುತ್ತದೆ. ಬೇಕಾದವರು ತೆಗೆಯುತ್ತಾರೆ, ಬೇಡದವರು ಮುಟ್ಟುವುದೂ ಇಲ್ಲ. ಅದಕ್ಕೂ ಹಿಂದೆ, 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿಯ ಶಾಖೆಗಳಲ್ಲಿ ಬಡವರು ವಾರಕ್ಕೊಂದು ಪೆನ್ನಿ ಕಟ್ಟಿ ಬೈಬಲ್ ಕೊಳ್ಳುತ್ತಿದ್ದರು. ನಾವು ದುಡ್ಡು ತೆಗೆದುಕೊಳ್ಳಬೇಕು ಅಂತಲ್ಲ. ಆದರೆ ಆ ಎರಡು ಕಡೆಯೂ ಮೊದಲು ಕೈ ಚಾಚುತ್ತಿದ್ದವರು ಓದುಗರು.

ಈಗ ಟ್ರಾಲಿ ಬಾಗಿಲಲ್ಲೇ ನಿಲ್ಲುತ್ತದೆ. ಸಿಸ್ಟರ್ ಹತ್ತಿರ ವಿಚಾರಿಸದೆ ಒಳಗೆ ಕಾಲಿಡುವುದಿಲ್ಲ. ನಿದ್ದೆಯಲ್ಲಿರುವವರ ಪಕ್ಕ ಏನೂ ಇಡುವಂತಿಲ್ಲ. ಮೊದಲು ಮಾತು, ಓದಲು ಏನಾದರೂ ಬೇಕಾ ಅನ್ನುವ ಪ್ರಶ್ನೆ ಆಮೇಲೆ. ಬೇಡ ಅಂದರೆ ಸರಿ, ಆದರೂ ಕೂತು ಮಾತಾಡಿ ಬನ್ನಿ ಅಂತ ಹುಡುಗರಿಗೆ ಹೇಳಿದ್ದೇನೆ. ಸಾಂತ್ವನದ ಪುಸ್ತಕಗಳು ಚಾಪ್ಲೇನ್ (ಆಸ್ಪತ್ರೆಯ ಧರ್ಮಗುರು) ಅವರ ಕೋಣೆಯ ಕಪಾಟಿನಲ್ಲಿವೆ. ಯಾರಿಗೆ, ಯಾವಾಗ ಅಂತ ಅವರೇ ನೋಡಿ ಕೊಡುತ್ತಾರೆ. ಅದನ್ನು ಎದೆಗೆ ಒತ್ತಿಕೊಂಡವರನ್ನೂ ನೋಡಿದ್ದೇನೆ, ಪುಸ್ತಕದಲ್ಲಿ ದೋಷವಿಲ್ಲ.

‘ವಿತರಣೆ’ ಸಂಖ್ಯೆ ಇಳಿದಿದೆ. ಪ್ರತಿ ಮೀಟಿಂಗ್‌ನಲ್ಲೂ ಯಾಕೆ ಅಂತ ಕೇಳುತ್ತಾರೆ, ಪ್ರತಿ ಸಲವೂ ಇದನ್ನೇ ಹೇಳುತ್ತೇನೆ. ‘ಕೇಳಿ ಪಡೆದವರು’ ಅಂತ ಇನ್ನೊಂದು ಕಾಲಂ ಹಾಕಿಕೊಡಿ ಅಂದೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಯಾರು ಏನು ಕೇಳಿದರು ಅಂತ ಬರೆಯಲು. ಕನ್ನಡಕ ಹಾಕಿದರೂ ಅಕ್ಷರ ಕಾಣಲ್ಲ, ದೊಡ್ಡಕ್ಷರದ ಹೊಸ ಒಡಂಬಡಿಕೆ ಇದೆಯಾ ಅಂತ ಹಿರಿಯರು ಕೇಳಿದ್ದೇ ಅದರಲ್ಲಿ ಜಾಸ್ತಿ. ಆ ಇಂಡೆಂಟ್ ಇನ್ನೂ ಪಾಸ್ ಆಗಿಲ್ಲ. ಸಾಂತ್ವನದ ಪೆಟ್ಟಿಗೆ ಇನ್ನು ಕಳಿಸಬೇಡಿ, ದಯವಿಟ್ಟು ಈ ದೊಡ್ಡಕ್ಷರದ್ದನ್ನು ಕಳಿಸಿ.