ಟ್ರೇಲರ್ ಸರಪಳಿ ಕೆಲಸ: ಐದು ಶನಿವಾರ

ಮೊದಲ ಶನಿವಾರ

ಟ್ರೇಲರನ್ನು ಪಿಕಪ್‌ಗೆ ಜೋಡಿಸುವ ಹಿಚ್ ಪಿನ್ನಿಗೆ ತುಕ್ಕು ಹಿಡಿದಿತ್ತು. ತೆಗೆದು ಉಜ್ಜಿ, ಒಂದಿಷ್ಟು ಗ್ರೀಸ್ ಹಚ್ಚಿ ಹಾಕೋಣ ಅಂತ ಕೂತೆ. ಟ್ರೇಲರ್ ಖಾಲಿ ಇತ್ತು, ಬಾಲ್ ಮೇಲೆಯೇ ಕೂತಿತ್ತು. ಜ್ಯಾಕ್ ತಿರುಗಿಸಿ ಭಾರ ಇಳಿಸಿ ಪಿನ್ ಎಳೆದೆ. ಆಮೇಲೆ ಟ್ರೇಲರನ್ನು ಒಂದಡಿ ಹಿಂದಕ್ಕೆ ತಳ್ಳಿದೆ. ಬಾಲ್ ಮೌಂಟ್ ಸಲೀಸಾಗಿ ಜಾರಿ ಹೊರಗೆ ಬಂತು. ಅದರ ಜೊತೆಗೇ, ಜೋಡಣೆ ಕಳಚಿದರೂ ಟ್ರೇಲರ್ ಬಿಟ್ಟುಹೋಗದಿರಲಿ ಅಂತ ಹಾಕುವ ಎರಡು ಸುರಕ್ಷತಾ ಸರಪಳಿಗಳೂ ಬಂದವು. ಪಿಕಪ್‌ಗೂ ಟ್ರೇಲರ್‌ಗೂ ಉಳಿದ ನಂಟು ಅಂದರೆ ಲೈಟಿನ ವೈರೊಂದೇ.

ಸುಮ್ನೆ ನಿಂತು ನೋಡಿದೆ. ನಾಲ್ಕು ತಿಂಗಳಿಂದ ಹೀಗೇ ಓಡಿಸಿದ್ದೇನೆ. ಇಲ್ಲಿ ಟೆಕ್ಸಸ್‌ನ 183ಎ ಹೆದ್ದಾರಿಯಲ್ಲಿ, ಮಣ್ಣು ತುಂಬಿಕೊಂಡು.

ಗೊತ್ತಿಲ್ಲದವರಿಗೆ ಎರಡು ಮಾತು. ಪಿಕಪ್‌ನ ಹಿಂದೆ, ಬಂಪರ್ ಕೆಳಗೆ, ಒಂದು ಚೌಕದ ಕೊಳವೆ ಇರುತ್ತದೆ. ಅದೇ ರಿಸೀವರ್. ನನ್ನದು 2 ಇಂಚಿನದು, ಚಾಸಿಗೇ ಬೋಲ್ಟ್ ಆಗಿದೆ. ಅದರೊಳಗೆ ಬಾಲ್ ಮೌಂಟ್ ಎಂಬ ಕಬ್ಬಿಣದ ತೋಳನ್ನು ತೂರಿಸಿ ಅಡ್ಡಕ್ಕೆ ಒಂದು ಪಿನ್ ಹಾಕುತ್ತಾರೆ. ತೋಳಿನ ತುದಿಯಲ್ಲಿ ಗುಂಡು, ಅಂದರೆ ಬಾಲ್. ಟ್ರೇಲರ್‌ನ ಮೂಕಿಯ ತುದಿಯಲ್ಲಿರುವ ಕಪ್ಲರ್ ಆ ಗುಂಡಿನ ಮೇಲೆ ಕೂರುತ್ತದೆ. ರಿಸೀವರಿನ ಎರಡು ಪಕ್ಕಕ್ಕೂ ದಪ್ಪ ಪಟ್ಟಿಯ ಕಿವಿಗಳಿವೆ, ನಡುವೆ ತೂತು. ಸರಪಳಿಯ ಕೊಕ್ಕೆ ಹಾಕಬೇಕಾದದ್ದು ಆ ಕಿವಿಗೆ.

ನನ್ನ ಕೊಕ್ಕೆಗಳು ಅಲ್ಲಿ ಹಿಡಿಯುತ್ತಿರಲಿಲ್ಲ. ಎಸ್ ಆಕಾರದ ಕೊಕ್ಕೆಯ ಬಾಯಿ ಚಿಕ್ಕದು, ಕಿವಿ ದಪ್ಪ. ಟ್ರೇಲರ್ ಮಾರಿದವರು ಸರಪಳಿಯನ್ನು ಬಾಲ್ ಮೌಂಟಿಗೇ ಒಂದು ಸುತ್ತು ಸುತ್ತಿ ಕೊಕ್ಕೆಯನ್ನು ಅದೇ ಸರಪಳಿಗೆ ಸಿಕ್ಕಿಸಿ ತೋರಿಸಿದ್ದರು. ನಾನೂ ಅದನ್ನೇ ಮಾಡುತ್ತಾ ಬಂದೆ. ಕಪ್ಲರ್ ಗುಂಡಿನಿಂದ ಹಾರಿದರೆ ಆ ಸುತ್ತು ಹೇಗೋ ಹಿಡಿದೀತು. ಆದರೆ ಪಿನ್ನೇ ಬಿದ್ದರೆ? ಯಾವುದು ಕೈಕೊಡುತ್ತದೆ ಅಂತ ಸರಪಳಿ ಹಾಕಿದ್ದೇವೋ ಅದಕ್ಕೇ ಸರಪಳಿ ಕಟ್ಟಿದ ಹಾಗಾಯಿತು.

ನಿಯಮ ಹುಡುಕಿ ಓದಿದೆ. ಟೆಕ್ಸಸ್ ಸಾರಿಗೆ ಕಾನೂನಿನ 545.410ನೇ ಸೆಕ್ಷನ್ ಪ್ರಕಾರ ಕಾರು ಅಥವಾ ಲೈಟ್ ಟ್ರಕ್ ಟ್ರೇಲರ್ ಎಳೆಯಬೇಕಾದರೆ ಸುರಕ್ಷತಾ ಸರಪಳಿ ಇರಲೇಬೇಕು. ವಾಣಿಜ್ಯ ವಾಹನಗಳ ಕೇಂದ್ರ ನಿಯಮ, 49 ಸಿಎಫ್ಆರ್ 393.70, ಇನ್ನೂ ಬಿಡಿಸಿ ಹೇಳುತ್ತದೆ: ಎಳೆಯುವ ಸಾಧನಕ್ಕೇ ಸರಪಳಿ ಸಿಕ್ಕಿಸುವಂತಿಲ್ಲ. ನನ್ನದು ವಾಣಿಜ್ಯ ವಾಹನ ಅಲ್ಲ, ನಿಜ. ಬುದ್ಧಿ ಮಾತ್ರ ಎರಡಕ್ಕೂ ಒಂದೇ ಅಲ್ವಾ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. ಅಪ್ಪ ಒಂದು ಕಾಲಕ್ಕೆ ಎತ್ತಿನ ಗಾಡಿ ಹೊಡೆದವರು, ಆಮೇಲೆ ಟ್ರ್ಯಾಕ್ಟರ್‌ನಲ್ಲಿ ಮಂಡ್ಯದ ಕಾರ್ಖಾನೆಗೆ ಕಬ್ಬು ಸಾಗಿಸಿದವರು. ಅವರಿಗೆ ಗಾಡಿಯ ಯಾವ ಪಿನ್ನೂ ಕಡಾಣಿಯೇ.

"ಕಡಾಣಿ ಭದ್ರವಾಗಿತ್ತೇನ್ಲಾ?"

ಪಿನ್ನಿನ ಕ್ಲಿಪ್ ಎಲ್ಲೋ ಬಿದ್ದುಹೋಗಿ ನಾನು ಅಲ್ಲಿಗೆ ಬೈಂಡಿಂಗ್ ವೈರ್ ಸುತ್ತಿದ್ದೆ.

"ಹ್ಞೂಂ ಅಪ್ಪಾ" ಅಂದೆ.

ಎರಡನೇ ಶನಿವಾರ

ಮೊದಲ ಕೆಲಸ, ಹೊಸ ಪಿನ್ನು, ಹೊಸ ಕ್ಲಿಪ್ಪು. ಹತ್ತು ನಿಮಿಷ.

ಆಮೇಲೆ ಸರಪಳಿಯ ಲೆಕ್ಕ. ನನ್ನ ಟ್ರೇಲರ್ 5 ಅಡಿ ಅಗಲ, 10 ಅಡಿ ಉದ್ದದ ಸಾದಾ ತೆರೆದ ಟ್ರೇಲರ್. ಸರಕೂ ಸೇರಿ ಗರಿಷ್ಠ 2,990 ಪೌಂಡ್, ಸುಮಾರು 1,356 ಕಿಲೋ. ಆಕ್ಸಲ್ 3,500 ಪೌಂಡಿನದು. ಮತ್ತೆ ಯಾಕೆ 2,990 ಅಂತ ಬರೆದಿದ್ದಾರೆ? ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ಆದ ಕೂಡಲೇ ಟ್ರೇಲರ್‌ಗೆ ಅದರದೇ ಬ್ರೇಕ್ ಬೇಕು. ಅಂಗಡಿಯಲ್ಲಿ 299 ರೂಪಾಯಿ ಅಂತ ಬರೆಯುವ ಹಾಗೆ, ಸ್ವಲ್ಪ ಕೆಳಗೆ ನಿಲ್ಲಿಸಿದ್ದಾರೆ.

ಸರಪಳಿ ಕಾಲಿಂಚಿನದು, ಗ್ರೇಡ್ 30 (ಗ್ರೇಡ್ ಅಂದರೆ ಉಕ್ಕಿನ ಬಲದ ದರ್ಜೆ). ಅದರ ದಿನನಿತ್ಯದ ಕೆಲಸದ ಮಿತಿ 1,300 ಪೌಂಡ್, ಹರಿಯುವ ಮಿತಿ ಅದರ ನಾಲ್ಕು ಪಟ್ಟು, 5,200. ಈ ಎರಡು ಅಂಕಿಗಳನ್ನು ಕಲಸಿಕೊಂಡು ನಾನು ಅರ್ಧ ಗಂಟೆ ಗಾಬರಿಯಾಗಿದ್ದೆ. ಸುರಕ್ಷತಾ ಸರಪಳಿಗೆ ನೋಡುವುದು ಹರಿಯುವ ಮಿತಿಯನ್ನು. ಎರಡರಲ್ಲಿ ಒಂದೊಂದೂ ಒಂಟಿಯಾಗಿಯೇ ಟ್ರೇಲರ್‌ನ ಪೂರ್ತಿ ತೂಕಕ್ಕೆ ಸಾಲಬೇಕು. 5,200 ಸಾಕು. ಸರಪಳಿ ಉಳಿಯಿತು, ಕೊಕ್ಕೆ ಹೋಗಬೇಕು.

ಇಲ್ಲಿ ಒಂದು ಪೆದ್ದು ಕೆಲಸ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಳೆಯುವ ಎರಡು ಕ್ಯಾರಬೈನರ್ (ಸ್ಪ್ರಿಂಗ್ ಬಾಯಿಯ ಕೊಕ್ಕೆ) ಕಂಡವು. ಕಿವಿಗೆ ಚೆನ್ನಾಗಿ ಕೂತವು. ಪಕ್ಕದ ಮನೆಯ ಅಜ್ಜ ಬೇಲಿಯಿಂದಲೇ ನೋಡಿ, ಅದರ ಮೇಲೆ ಏನು ಬರೆದಿದೆ ಓದು ಅಂದರು. ಓದಿದೆ. ಭಾರ ಎತ್ತಲು ಬಳಸಬಾರದು ಅಂತ ಬರೆದಿತ್ತು. ಎಷ್ಟು ಪೌಂಡ್ ಅಂತ ಅಂಕಿಯೇ ಇರಲಿಲ್ಲ. ಈಗ ಒಂದರಲ್ಲಿ ಮನೆ ಬೀಗದ ಕೈ ನೇತಾಡುತ್ತಿದೆ.

ಮೂರನೇ ಶನಿವಾರ

ಮಳೆ. ಆದರೂ ಕಾರ್‌ಪೋರ್ಟ್ ಕೆಳಗೆ ಒಂದಿಷ್ಟು ಕೆಲಸ ಆಯಿತು.

ಈ ಸಲ ಅಂಗಡಿಗೆ ಬರಿಗೈಯಲ್ಲಿ ಹೋಗಲಿಲ್ಲ. ಕಿವಿಯ ದಪ್ಪಕ್ಕೂ ತೂತಿನ ಅಗಲಕ್ಕೂ ಸರಿಯಾಗಿ ರಟ್ಟಿನ ತುಂಡು ಕತ್ತರಿಸಿಕೊಂಡು ಹೋದೆ. ಕೊಕ್ಕೆಗಳ ಬಾಯಿಗೆ ರಟ್ಟು ತೂರಿಸಿ ನೋಡಿದೆ. ಕೊಕ್ಕೆ ಒಳಗೆ ಹೋದರೆ ಸಾಲದು, ಅದರ ಲ್ಯಾಚ್ ಪೂರ್ತಿ ಮುಚ್ಚಿಕೊಳ್ಳಬೇಕು. ಮೂರನೆಯದು ಹೊಂದಿತು. ಕಾಲಿಂಚಿನ ಸರಪಳಿಯದೇ, ಗ್ರೇಡ್ 70, ಸ್ಪ್ರಿಂಗ್ ಲ್ಯಾಚ್ ಇರುವ ಕೊಕ್ಕೆ. ಸರಪಳಿಯ ಕೊನೆಯ ಕೊಂಡಿಗೆ ಅಡ್ಡ ಪಿನ್ ಹಾಕಿ ಸೇರಿಸುವಂಥದ್ದು. ಲ್ಯಾಚ್ ಇಲ್ಲದ ಎಸ್ ಕೊಕ್ಕೆ ಮೇಲಿನಿಂದ ಹಾಕಬೇಕೋ ಕೆಳಗಿನಿಂದಲೋ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಲ್ಯಾಚ್ ಇದ್ದರೆ ಆ ಜಗಳವೇ ಬೇಡ.

ಇನ್ನೊಂದು ತುದಿಯನ್ನೂ ನೋಡೋಣ ಅಂತ ಟ್ರೇಲರ್ ಕಡೆ ಬಗ್ಗಿದೆ. ಎರಡು ಸರಪಳಿಗಳನ್ನೂ ಮೂಕಿಗೆ ಒಂದೊಂದು ಬೋಲ್ಟ್ ಹಾಕಿ ಹಿಡಿಸಿದ್ದರು. ಬೋಲ್ಟಿನ ತಲೆ ನುಣ್ಣಗೆ. ಅಂದರೆ ತೀರಾ ಸಾದಾ ಬೋಲ್ಟು. ಬೋಲ್ಟಿನ ಗ್ರೇಡಿನ ಲೆಕ್ಕವೇ ಬೇರೆ: ಗ್ರೇಡ್ 5 ಆದರೆ ತಲೆಯ ಮೇಲೆ ಮೂರು ಗೆರೆ ಇರುತ್ತದೆ, ಗ್ರೇಡ್ 8 ಆದರೆ ಆರು. ಆರು ಗೆರೆಯ ಬೋಲ್ಟು, ಕೊಂಡಿ ದಾಟಿ ಬರದಷ್ಟು ದೊಡ್ಡ ವಾಷರು, ಒಳಗೆ ನೈಲಾನ್ ಇರುವ ನಟ್ಟು ತಂದು ಹಾಕಿದೆ. ಮುಂದಿನ ತುದಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡು ಹಿಂದಿನದನ್ನು ಮರೆತಿದ್ದರೆ ನಗೆಪಾಟಲಾಗುತ್ತಿತ್ತು.

ನಾಲ್ಕನೇ ಶನಿವಾರ

ಉದ್ದದ ದಿನ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಸರಪಳಿಗಳನ್ನು ಕತ್ತರಿಯಂತೆ ಅಡ್ಡ ಹಾಯಿಸಿ ಹಾಕಬೇಕು. ಎಡಗಡೆಯದು ಬಲಗಿವಿಗೆ, ಬಲಗಡೆಯದು ಎಡಗಿವಿಗೆ, ಎರಡೂ ಕಪ್ಲರ್‌ನ ಕೆಳಗೆ ಹಾದು. ಕಪ್ಲರ್ ಕಳಚಿಕೊಂಡರೆ ಮೂಕಿ ಆ ತೊಟ್ಟಿಲಲ್ಲಿ ಬೀಳುತ್ತದೆ. ಅಡ್ಡ ಹಾಕದಿದ್ದರೆ ಮೂಕಿ ನೆಲಕ್ಕೆ ಬಡಿದು, ರಸ್ತೆಗೆ ನಾಟಿಕೊಂಡು ಟ್ರೇಲರ್ ಪಲ್ಟಿ ಹೊಡೆಯಬಹುದು. ಇದು ಎಲ್ಲರೂ ಹೇಳುವ ಮಾತು. ಆದರೆ ನನ್ನ ತೊಟ್ಟಿಲು ನಿಜವಾಗಿ ಹಿಡಿಯುತ್ತದೋ ಇಲ್ಲವೋ?

ಚಕ್ರಗಳಿಗೆ ಎರಡೂ ಕಡೆ ಅಡೆ ಇಟ್ಟೆ. ಸರಪಳಿ ಹಾಕಿಯೇ ಇದ್ದಂತೆ ಕಪ್ಲರನ್ನು ಗುಂಡಿನಿಂದ ಬಿಡಿಸಿದೆ. ಟ್ರೇಲರನ್ನು ಚೂರು ಹಿಂದೆ ಸರಿಸಿ, ಜ್ಯಾಕನ್ನು ನಿಧಾನಕ್ಕೆ ಇಳಿಸುತ್ತಾ ಹೋದೆ. ಮೂಕಿ ಇಳಿಯಿತು, ಇಳಿಯಿತು, ನೆಲಕ್ಕೆ ತಾಗಿತು. ಸರಪಳಿ ಇನ್ನೂ ಸಡಿಲವಾಗಿಯೇ ಇತ್ತು. ಅಡ್ಡ ಹಾಕಿದ್ದು ಬರೀ ಅಲಂಕಾರ.

ಎರಡೂ ಕಡೆ ಮೂರು ಮೂರು ಕೊಂಡಿ ಒಳಗೆ ಬೋಲ್ಟ್ ಹಾಕಿದೆ. ಸರಪಳಿ ತಿರುಚಿ ಗಿಡ್ಡ ಮಾಡುವವರೂ ಇದ್ದಾರೆ. ನಾನೂ ಮಾಡುತ್ತಿದ್ದೆ. ತಿರುಚಿದರೆ ಕೊಂಡಿಗಳು ಒಂದರ ಮೇಲೊಂದು ಸೊಟ್ಟಗೆ ಕೂತು, ಜೋರಾಗಿ ಎಳೆತ ಬಿದ್ದಾಗ ಬಲ ಕಡಿಮೆಯಾಗುತ್ತದೆ. ಮತ್ತೆ ಜ್ಯಾಕ್ ಇಳಿಸಿದೆ. ಈ ಸಲ ಮೂಕಿ ನೆಲದಿಂದ ಆರು ಬೆರಳು ಮೇಲೆ ನಿಂತಿತು. ತೊಟ್ಟಿಲಲ್ಲಿ ತೂಗುತ್ತಿತ್ತು. ಒಳಗಿದ್ದ ಹೆಂಡತಿಯನ್ನು ಕರೆದು ತೋರಿಸಿದೆ. "ಕಬ್ಬಿಣ ನೇತಾಡ್ತಿದೆ, ಅಷ್ಟೇ ತಾನೇ?" ಅಂದಳು.

ಸಂಜೆ ಖಾಲಿ ಪಾರ್ಕಿಂಗ್ ಲಾಟ್‌ಗೆ ಹೋದೆವು. ನಾನು ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತುವುದು, ಅವಳು ಪಕ್ಕದಲ್ಲಿ ದೂರ ನಡೆಯುತ್ತಾ ಸರಪಳಿ ನೋಡುವುದು. ಎಡಕ್ಕೆ ತೊಂದರೆ ಇಲ್ಲ. ಬಲಕ್ಕೆ ತಿರುಗಿದಾಗ "ನಿಲ್ಸಿ, ನಿಲ್ಸಿ!" ಅಂತ ಕೂಗಿದಳು. ಒಂದು ಸರಪಳಿ ತಂತಿಯ ಹಾಗೆ ಬಿಗಿದುಕೊಂಡಿತ್ತು. ನೋಡಿದರೆ ಹಳೆ ಬೋಲ್ಟಿನ ತೂತುಗಳೇ ಒಂದು ಹಿಂದೆ, ಒಂದು ಮುಂದೆ. ಆ ಕಡೆಗೆ ಒಂದು ಕೊಂಡಿ ವಾಪಸ್ ಬಿಟ್ಟೆ. ಎರಡು ಕಡೆಯೂ ಸರಿಹೋಯಿತು. ಮತ್ತೆ ತೂಗಿ ನೋಡಿದಾಗ ಮೂಕಿ ನಾಲ್ಕು ಬೆರಳಿಗೆ ಇಳಿದಿತ್ತು. ಇರಲಿ.

ಕಪ್ಲರ್ ಗುಂಡಿನ ಮೇಲೆ ಕೂತು, ಗಾಡಿ ನೇರ ನಿಂತಾಗ ಸರಪಳಿಯ ಹೊಟ್ಟೆ ನೆಲದಿಂದ ಒಂದು ಗೇಣು ಮೇಲಿದೆ. ಇದೂ ಮುಖ್ಯ. ಬೇಸಿಗೆಯಲ್ಲಿ ಇಲ್ಲಿ ರಸ್ತೆಬದಿಯ ಹುಲ್ಲೆಲ್ಲ ಒಣಗಿರುತ್ತದೆ. ಸರಪಳಿ ಡಾಂಬರಿಗೆ ಉಜ್ಜಿದರೆ ಕಿಡಿ. 2018ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಬಳಿ ಹೊತ್ತಿದ, 'ಕಾರ್ ಫೈರ್' (Carr Fire) ಎಂಬ ಹೆಸರಿನ ಕಾಡ್ಗಿಚ್ಚು ಶುರುವಾದದ್ದು ಒಂದು ಟ್ರೇಲರ್‌ನಿಂದ. ಅಲ್ಲಿ ಸರಪಳಿ ಅಲ್ಲ. ಟೈರ್ ಪಂಚರ್ ಆಗಿ ರಿಮ್ಮು ರಸ್ತೆಗೆ ಉಜ್ಜಿದ್ದು. ಸುಟ್ಟದ್ದು 2.29 ಲಕ್ಷ ಎಕರೆ.

ಉಳಿದ ಕೊಂಡಿಗಳನ್ನು ಗ್ರೈಂಡರ್‌ನಿಂದ ಕತ್ತರಿಸಿದೆ. ಎರಡು ಸಲ ಅಳೆದ ಮೇಲೆ.

ಐದನೇ ಶನಿವಾರ

ಮಣ್ಣು ತರುವ ದಿನ. ನಮ್ಮ ಮನೆ ಲಿಯಾಂಡರ್‌ನಲ್ಲಿ. ಆಸ್ಟಿನ್‌ನ ಈ ಪಡುವಣ ಕಡೆ ಒಂದು ಗೇಣು ಅಗೆದರೆ ಸುಣ್ಣಕಲ್ಲು. ಪೂರ್ವಕ್ಕೆ ಹೋದರೆ ನಮ್ಮ ಕಡೆಯ ಎರೆಮಣ್ಣಿನಂಥ ಕಪ್ಪು ನೆಲ. ಅವರೆ ಗಿಡ ಹಾಕಬೇಕಾದರೆ ನಾವು ಮಣ್ಣು ಕೊಂಡೇ ತರಬೇಕು. ಒಂದು ಕ್ಯೂಬಿಕ್ ಯಾರ್ಡ್ ಅಂದರೆ 2,000 ಪೌಂಡಿನ ಮೇಲೆ. ಖಾಲಿ ಟ್ರೇಲರೇ 800. ಅದಕ್ಕೆ ಒಂದು ಯಾರ್ಡಿಗೆ ಕೈ ಮುಗಿದೆ.

ಹೊರಡುವ ಮೊದಲು ಗುಂಡಿನ ಮೇಲೆ ಕೊರೆದ ಅಳತೆ ನೋಡಿದೆ. 2 ಇಂಚು. ಕಪ್ಲರ್ ಮೇಲೆಯೂ 2. ಗುಂಡು 1 7/8 ಇಂಚಿನದಾಗಿದ್ದರೂ ಕಪ್ಲರ್ ಮುಚ್ಚಿಕೊಂಡಂತೆಯೇ ಕಾಣುತ್ತದೆ, ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ಹಾರುತ್ತದೆ. ಲ್ಯಾಚ್ ಹಾಕಿ ಜ್ಯಾಕನ್ನು ಮತ್ತೆ ಎರಡು ಸುತ್ತು ಏರಿಸಿದೆ. ಪಿಕಪ್‌ನ ಹಿಂಭಾಗವೂ ಜೊತೆಗೇ ಎದ್ದಿತು. ಕೂತಿದೆ ಅಂತ ಖಾತ್ರಿ.

ಲೋಡರ್‌ನವನು ಮಣ್ಣನ್ನೆಲ್ಲ ಹಿಂದೆ ಸುರಿದ. ಮೂಕಿ ಮೇಲಕ್ಕೆ ಎಳೆಯುವುದು ಕಣ್ಣಿಗೇ ಕಂಡಿತು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮೂಕಿಯ ಮೇಲೆ ಇರಬೇಕು. ಇಲ್ಲದಿದ್ದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸುತ್ತದೆ. ಸಲಿಕೆ ಹಿಡಿದು ಅರ್ಧ ಗಂಟೆ ಮುಂದಕ್ಕೆ ಎಳೆದೆ. ಅಪ್ಪನಿಗೆ ಫೋಟೋ ಕಳಿಸಿದೆ. ಉತ್ತರ ವಾಯ್ಸ್ ಮೆಸೇಜಿನಲ್ಲಿ ಬಂತು: "ಹಿಂಭಾರ ಆದ್ರೆ ಎತ್ತಿನ ಕುತ್ಗೆ ಹಿಸ್ಕುತ್ತೆ ಕಣ್ಲಾ. ಮುಂದಕ್ ಹಾಕು."

ಹತ್ತು ಮೈಲಿ ಆದಮೇಲೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೋಡಿದೆ. ಎರಡು ಲ್ಯಾಚೂ ಮುಚ್ಚಿವೆ. ಪಿನ್ನಿನ ಕ್ಲಿಪ್ ಇದೆ. ಬೋಲ್ಟು ಅಲ್ಲಾಡಿಲ್ಲ. ಬಲಗಡೆ ಇಂಡಿಕೇಟರ್ ಮಾತ್ರ ಮನಸ್ಸು ಬಂದಾಗ ಉರಿಯುತ್ತಿದೆ. ಅರ್ತಿಂಗ್ ಇರಬೇಕು. ಮುಂದಿನ ಶನಿವಾರ ಅದನ್ನು ಬಿಚ್ಚುತ್ತೇನೆ.